ಅಲ್ಲಾಡದ ವೋಲ್ಟು ಮತ್ತು ನಮ್ಮ ಗೌರಿಬಿದನೂರು...

ಗೌರಿಬಿದನೂರು ಅಂದ ತಕ್ಷಣ ಹೊರಗಿನವರಿಗೆ ನೆನಪಾಗೋದು ವಿದುರಾಶ್ವತ್ಥ. 1938ರಲ್ಲಿ ಧ್ವಜ ಸತ್ಯಾಗ್ರಹದ ಹೊತ್ತಲ್ಲಿ ನಡೆದ ಗೋಲಿಬಾರಿನ ಕಥೆಯನ್ನು ಶಾಲೆಯಲ್ಲಿ ನೀವೂ ಓದಿರ್ತೀರಿ. ಚಿಕ್ಕಬಳ್ಳಾಪುರ ಅಂದ್ರೆ ನಂದಿ ಬೆಟ್ಟ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಶಿಡ್ಲಘಟ್ಟ ಅಂದ್ರೆ ರೇಷ್ಮೆ. ಚಿಂತಾಮಣಿ ಅಂದ್ರೆ ಕೈವಾರ ತಾತಯ್ಯ. ಇದರಾಚೆಗೆ ನಮ್ಮ ಕಡೆಗೆ ಇನ್ನೊಂದು ಹೆಗ್ಗಳಿಕೆ ಇದೆ, ನಮ್ಮವರಲ್ಲೇ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ. ಗೌರಿಬಿದನೂರು ತಾಲ್ಲೂಕಿನಲ್ಲಿ ಒಂದು ಯಂತ್ರ ನೆಲಕ್ಕೆ ಕಿವಿ ಕೊಟ್ಟು ಕೂತಿದೆ, ಇನ್ನೊಂದು ಆಕಾಶಕ್ಕೆ. ಮೊದಲನೆಯದು 1965ರಿಂದ. ಎರಡನೆಯದು 1976ರಿಂದ.

ಈ ಎರಡರ ಬಗ್ಗೆ ಬರೆಯೋಕೆ ಹೊರಟರೆ ಭೂಕಂಪ, ಅಣುಬಾಂಬು, ಸೂರ್ಯ, ನಕ್ಷತ್ರ ಅಂತ ದೊಡ್ಡ ದೊಡ್ಡ ವಿಷಯಗಳೇ ಬರುತ್ತವೆ. ನನ್ನ ತಲೆ ಮಾತ್ರ ಒಂದು ಸಣ್ಣ ವಿಷಯಕ್ಕೆ ಅಂಟಿಕೊಂಡಿದೆ. ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರು, ಹಾಗಾಗಿ ಹಳೇ ಪ್ರೀತಿ ಹೀಗೆ ಬ್ಲಾಗಿನಲ್ಲಿ ಹೊರಗೆ ಬರುತ್ತೆ :-) ವಿಷಯ ಏನಪ್ಪಾ ಅಂದ್ರೆ, ವೋಲ್ಟೇಜ್ ರೆಫರೆನ್ಸ್.

ಎಲೆಕ್ಟ್ರಾನಿಕ್ಸ್ ಓದದವರಿಗಾಗಿ ಎರಡು ಮಾತು. ತಕ್ಕಡಿಯ ಒಂದು ಕಡೆ ಸಾಮಾನು, ಇನ್ನೊಂದು ಕಡೆ ತೂಕದ ಕಲ್ಲು. ಸಾಮಾನು ಎಷ್ಟಿದೆ ಅಂತ ಹೇಳೋದು ಕಲ್ಲು. ಆ ಕಲ್ಲೇ ಬೆಳಿಗ್ಗೆ ಒಂದು ತೂಕ, ಮಧ್ಯಾಹ್ನ ಒಂದು ತೂಕ ಇದ್ರೆ? ಭೂಮಿಯ ನಡುಕ, ಆಕಾಶದ ರೇಡಿಯೋ ಅಲೆ, ಕಾದ ನೀರಿನ ಬಿಸಿ... ಏನನ್ನೇ ಆಗಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಅಳೀಬೇಕಾದ್ರೆ ಅದನ್ನ ವೋಲ್ಟೇಜ್ ಮಾಡಿಕೊಂಡು, ಗೊತ್ತಿರೋ ಒಂದು ವೋಲ್ಟೇಜ್ ಪಕ್ಕ ಇಟ್ಟು ಹೋಲಿಸ್ತಾರೆ. ಆ ಗೊತ್ತಿರೋ ವೋಲ್ಟೇಜೇ ರೆಫರೆನ್ಸ್. ಅದು ಕಲ್ಲು. ಅದು ಅಲ್ಲಾಡಬಾರದು.

ಸಮಸ್ಯೆ ಏನಂದ್ರೆ, ಪ್ರಕೃತಿಯಲ್ಲಿ ಅಲ್ಲಾಡದ ವೋಲ್ಟೇಜ್ ಅನ್ನೋದು ಸುಲಭಕ್ಕೆ ಸಿಗಲ್ಲ.

ಮೊದಲು ನೆಲಕ್ಕೆ ಕಿವಿ ಕೊಟ್ಟ ಯಂತ್ರದ ಕಥೆ. 1950ರ ದಶಕದಲ್ಲಿ ಅಮೆರಿಕ, ರಷ್ಯ, ಬ್ರಿಟನ್ ಎಲ್ಲರೂ ಅಣುಬಾಂಬು ಸಿಡಿಸ್ತಾ ಇದ್ದರು. ಇದಕ್ಕೆ ಕಡಿವಾಣ ಹಾಕಿದರೆ, ಯಾರಾದ್ರೂ ಕದ್ದು ಸಿಡಿಸಿದ್ದನ್ನ ಕಂಡುಹಿಡಿಯೋದು ಹೇಗೆ ಅಂತ 1958ರಲ್ಲಿ ಜಿನೀವಾದಲ್ಲಿ ತಜ್ಞರ ಸಭೆ ನಡೀತು. 1963ರ ಒಪ್ಪಂದದಿಂದ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಸ್ಫೋಟ ನಿಷಿದ್ಧವಾಯ್ತು. ಉಳಿದಿದ್ದು ನೆಲದೊಳಗೆ. ನೆಲದೊಳಗಿನ ಸ್ಫೋಟಕ್ಕೂ ಸಹಜ ಭೂಕಂಪಕ್ಕೂ ವ್ಯತ್ಯಾಸ ಹಿಡಿಯೋಕೆ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದವರು ಒಂದು ವಿನ್ಯಾಸ ಮಾಡಿದರು. ಒಂದೇ ಭೂಕಂಪಮಾಪಕ ಇಟ್ಟರೆ ಸಾಲದು, ಹತ್ತಾರು ಮಾಪಕಗಳನ್ನ ಕಿಲೋಮೀಟರುಗಟ್ಟಲೆ ಸಾಲಾಗಿ ಇಡಬೇಕು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ... ಈ ಸಾಲಿನಲ್ಲಿ ನಮ್ಮ ಗೌರಿಬಿದನೂರು! 1965ರಲ್ಲಿ ಟ್ರಾಂಬೆಯ ಅಣುಶಕ್ತಿ ಸಂಸ್ಥೆ (1967ರಲ್ಲಿ ಅದಕ್ಕೆ ಭಾಭಾ ಹೆಸರು ಬಂತು) ಬ್ರಿಟನ್ನಿನ ಸಹಕಾರದಿಂದ ಇದನ್ನ ಇಲ್ಲಿ ಶುರು ಮಾಡಿತು.

ಇಲ್ಲೇ ಯಾಕೆ? ನಮ್ಮ ಕಡೆಯ ನೆಲ ನೋಡಿದ್ದೀರಲ್ಲ, ಎಲ್ಲಿ ಅಗೆದರೂ ಬಂಡೆ. ಬಾವಿ ತೋಡೋರಿಗೆ, ಬೋರ್‌ವೆಲ್ ಕೊರೆಸೋರಿಗೆ ಅದೊಂದು ಶಾಪ. ಆದ್ರೆ ಭೂಕಂಪ ಕೇಳೋರಿಗೆ ಅದು ವರ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ, ಸಮುದ್ರದ ಅಲೆಯ ಗದ್ದಲ ದೂರ, ದೊಡ್ಡ ಕಾರ್ಖಾನೆಗಳಿಲ್ಲ. ಅಂದರೆ ಸದ್ದಿಲ್ಲದ ನೆಲ.

ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ ಎರಡು ಸಾಲು, ಒಟ್ಟು 20 ಮಾಪಕಗಳು. ಬಹಳ ದೂರದಿಂದ ಬರೋ ಅಲೆ ಒಂದೊಂದು ಮಾಪಕಕ್ಕೂ ಸ್ವಲ್ಪ ಹಿಂದುಮುಂದಾಗಿ ತಲುಪುತ್ತೆ. ಆ ಸಮಯದ ವ್ಯತ್ಯಾಸದಿಂದ ಅಲೆ ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗುತ್ತೆ. ವ್ಯತ್ಯಾಸ ಸರಿಮಾಡಿ 20ನ್ನೂ ಕೂಡಿಸಿದರೆ ಅಲೆ 20 ಪಟ್ಟು ದೊಡ್ಡದಾಗುತ್ತೆ. ಒಂದಕ್ಕೊಂದು ಸಂಬಂಧವಿಲ್ಲದ ಗದ್ದಲ ಮಾತ್ರ 20ರ ವರ್ಗಮೂಲದಷ್ಟೇ, ಅಂದ್ರೆ ನಾಲ್ಕೂವರೆ ಪಟ್ಟು ಬೆಳೆಯುತ್ತೆ. ಲಾಭ ಉಳಿದಿದ್ದೂ ಅಷ್ಟೇ, ಸುಮಾರು ನಾಲ್ಕೂವರೆ ಪಟ್ಟು.

ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಇಪ್ಪತ್ತೂ ಮಾಪಕಗಳು ಒಂದೇ ಅಳತೆಯಲ್ಲಿ ಮಾತಾಡಬೇಕು. ಒಂದರ ಆಂಪ್ಲಿಫೈಯರ್ ಬಿಸಿಲಿಗೆ ಶೇಕಡಾ ಹತ್ತು ಜಾಸ್ತಿ ತೋರಿಸಿದರೆ, ಇನ್ನೊಂದು ಚಳಿಗೆ ಹತ್ತು ಕಮ್ಮಿ ತೋರಿಸಿದರೆ ಕೂಡಿಸಿದ ಲೆಕ್ಕ ಕಂದಾಯದವರ ಹಳೇ ಪಹಣಿ ಥರ ಆಗುತ್ತೆ.

ಆಗಿನ ಕಾಲಕ್ಕೆ ರೆಕಾರ್ಡಿಂಗ್ ಮ್ಯಾಗ್ನೆಟಿಕ್ ಟೇಪಿನಲ್ಲಿ, ಎಫ್‌ಎಂ ಪದ್ಧತಿಯಲ್ಲಿ. ನೆಲದ ಅಲುಗಾಟ ವೋಲ್ಟೇಜ್ ಆಗುತ್ತೆ, ವೋಲ್ಟೇಜ್ ಒಂದು ಸ್ವರದ ಏರಿಳಿತ ಆಗುತ್ತೆ, ಆ ಸ್ವರವನ್ನ ಟೇಪಿಗೆ ಹಾಕ್ತಾರೆ. ಇಲ್ಲಿ 'ಸೊನ್ನೆ' ಅಂದ್ರೆ ಒಂದು ನಿಗದಿತ ಸ್ವರ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಸೊನ್ನೆಗೆ 1000 ಹರ್ಟ್ಸ್, ಒಂದು ವೋಲ್ಟಿಗೆ 100 ಹರ್ಟ್ಸ್ ಬದಲಾವಣೆ. ಸರ್ಕ್ಯೂಟಿನ ರೆಫರೆನ್ಸ್ ಸ್ವಲ್ಪ ಜಾರಿ 1000 ಇದ್ದಿದ್ದು 1005 ಆದ್ರೆ, ನೆಲ ಅಲ್ಲಾಡದೇ ಇದ್ರೂ ಟೇಪಿನ ಪ್ರಕಾರ 50 ಮಿಲಿವೋಲ್ಟ್ ಅಲ್ಲಾಡಿದೆ! ಗಂಟೆಗಟ್ಟಲೆ ನಿಧಾನಕ್ಕೆ ಜಾರಿದರೆ ಪರವಾಗಿಲ್ಲ, ಸೆಕೆಂಡಿಗೊಂದರ ಲೆಕ್ಕದಲ್ಲಿ ಬರೋ ಅಲೆಯಿಂದ ಅದನ್ನ ಫಿಲ್ಟರ್ ಮಾಡಿ ಬೇರ್ಪಡಿಸಬಹುದು. ಆದ್ರೆ ಅದೇ ಸೆಕೆಂಡಿನ ಲಯದಲ್ಲಿ ರೆಫರೆನ್ಸ್ ನಡುಗಿದ್ರೆ ಯಾವ ಫಿಲ್ಟರೂ ಕಾಪಾಡಲ್ಲ.

ಇನ್ನೊಂದು ಕೆಲಸಕ್ಕೂ ಕಲ್ಲು ಬೇಕು. ಈ ಮಾದರಿಯ ಅರೇಗಳಲ್ಲಿ ಬಳಸಿದ ವಿಲ್‌ಮೋರ್ ಮಾಪಕಗಳಲ್ಲಿ ಕ್ಯಾಲಿಬ್ರೇಷನ್‌ಗೆ ಒಂದು ಸುರುಳಿ ಇರುತ್ತೆ. ಅದಕ್ಕೆ ಗೊತ್ತಿರೋ ಕರೆಂಟ್ ಕೊಟ್ಟು, ಒಳಗಿನ ತೂಕ ಎಷ್ಟು ಅಲ್ಲಾಡಿತು ಅಂತ ನೋಡಿ ಮಾಪಕದ ಅಳತೆ ಸರಿ ಇದೆಯಾ ಅಂತ ಪರೀಕ್ಷಿಸೋದು. 'ಗೊತ್ತಿರೋ ಕರೆಂಟ್' ಎಲ್ಲಿಂದ ಬರಬೇಕು? ಗೊತ್ತಿರೋ ವೋಲ್ಟೇಜಿನಿಂದ.

ಇದು ಬರೀ ಇಂಜಿನಿಯರುಗಳ ತಲೆನೋವು ಅನ್ಕೋಬೇಡಿ. ಸ್ಫೋಟದ ಮ್ಯಾಗ್ನಿಟ್ಯೂಡ್ ಲೆಕ್ಕ ಹಾಕೋದು ಅಲೆಯ ಎತ್ತರದ ಲಾಗರಿದಮ್‌ನಿಂದ. ಅಳತೆಯಲ್ಲಿ ಶೇಕಡಾ 10 ತಪ್ಪಿದರೆ ಮ್ಯಾಗ್ನಿಟ್ಯೂಡಿನಲ್ಲಿ ಬರೀ 0.04 ವ್ಯತ್ಯಾಸ. ಏನೂ ಅಲ್ಲ ಅನ್ಸುತ್ತೆ ಅಲ್ವಾ? ಆದ್ರೆ ಮ್ಯಾಗ್ನಿಟ್ಯೂಡಿನಿಂದ ಬಾಂಬಿನ ಶಕ್ತಿಗೆ ಹೋಗುವ ಸೂತ್ರದಲ್ಲಿ ಶಕ್ತಿಯ ಲಾಗರಿದಮ್‌ಗೆ ಸಾಮಾನ್ಯವಾಗಿ 0.75ರ ಗುಣಾಂಕ ಇರುತ್ತೆ. ಅದನ್ನ ತಿರುಗಿಸಿ ಲೆಕ್ಕ ಹಾಕಿದರೆ ಶಕ್ತಿಯಲ್ಲಿ ಶೇಕಡಾ 13ರಿಂದ 14 ತಪ್ಪು. 1974ರಲ್ಲಿ ನಾವೇ ಪೋಖ್ರಾನಿನಲ್ಲಿ ಸ್ಫೋಟಿಸಿದೆವು. ಬೇರೆಯವರ ಬಾಂಬು ಕೇಳೋಕೆ ಶುರುವಾದ ಅರೇ ಇದ್ದ ದೇಶವೇ ಸಿಡಿಸಿತು, ಇತಿಹಾಸದ ಕುಚೋದ್ಯ ನೋಡಿ. 1998ರ ಮೇ 11ರಂದು ಮತ್ತೆ ಪೋಖ್ರಾನ್, ಮೇ 28ಕ್ಕೆ ಪಾಕಿಸ್ತಾನದ ಚಾಗೈ. ಚಾಗೈನ ನಡುಕ ಗೌರಿಬಿದನೂರಿನ ಬಂಡೆಗೂ ಬಂತು. ಭಾಭಾ ಕೇಂದ್ರದ ಸಿಕ್ಕಾ, ರಾಯ್, ನಾಯರ್ ಅವರು ಪೋಖ್ರಾನಿನ ಮ್ಯಾಗ್ನಿಟ್ಯೂಡ್ ಲೆಕ್ಕವನ್ನ ಅದೇ ವರ್ಷ 'ಕರೆಂಟ್ ಸೈನ್ಸ್'ನಲ್ಲಿ ಪ್ರಕಟಿಸಿದರು. ಹೊರದೇಶದ ಕೆಲವು ಭೂಕಂಪ ತಜ್ಞರ ಲೆಕ್ಕ ಅದಕ್ಕಿಂತ ಕಮ್ಮಿ ಬಂತು, ಜಗಳ ವರ್ಷಗಟ್ಟಲೆ ನಡೀತು. ಆ ಜಗಳ ಮುಖ್ಯವಾಗಿ ಕಲ್ಲು-ಮಣ್ಣಿನ ಗುಣದ ಬಗ್ಗೆ, ಸರ್ಕ್ಯೂಟಿನ ಬಗ್ಗೆ ಅಲ್ಲ. ಸರ್ಕ್ಯೂಟಿನ ಬಗ್ಗೆ ಜಗಳ ಬರದೇ ಇದ್ದದ್ದೇ ಅದನ್ನ ನೋಡಿಕೊಂಡವರ ಸಾಧನೆ ಅಂತ ನನಗನ್ನಿಸುತ್ತೆ.

ಸರಿ, 1965ರಲ್ಲಿ ಇಂಜಿನಿಯರ್ ಕೈಯಲ್ಲಿ ಏನಿತ್ತು?

ಅತ್ಯಂತ ನಂಬಿಕಸ್ಥ ಅಂದ್ರೆ ವೆಸ್ಟನ್ ಸೆಲ್. 1893ರಲ್ಲಿ ಎಡ್ವರ್ಡ್ ವೆಸ್ಟನ್ ಮಾಡಿದ್ದು, ಪಾದರಸ ಮತ್ತು ಕ್ಯಾಡ್ಮಿಯಂ ತುಂಬಿದ ಗಾಜಿನ ಕೊಳವೆ. 1.0183 ವೋಲ್ಟ್. ಪ್ರಪಂಚದ ಪ್ರಯೋಗಾಲಯಗಳೆಲ್ಲ ಇದನ್ನೇ ದೇವರ ಥರ ಇಟ್ಟುಕೊಂಡಿದ್ದವು. ದೇವರ ಥರಾನೇ, ಮುಟ್ಟೋ ಹಾಗಿಲ್ಲ. ಕರೆಂಟ್ ಎಳೆದರೆ ಹಾಳಾಗುತ್ತೆ, ಅಲ್ಲಾಡಿಸಿದರೆ ಮುನಿಸಿಕೊಳ್ಳುತ್ತೆ. ಹೊಲದ ಮಧ್ಯದ ಗುಂಡಿಗೆ ಅದು ಒಗ್ಗುವ ವಸ್ತು ಅಲ್ಲ.

ಇನ್ನೊಂದು ಝೀನರ್ ಡಯೋಡ್. ಕ್ಲಾರೆನ್ಸ್ ಝೀನರ್ 1934ರಲ್ಲಿ ಹೇಳಿದ ಸಿದ್ಧಾಂತದ ಮೇಲೆ ಹೆಸರು ಬಂತು, ಡಯೋಡ್ ಆಗಿ ಬಂದದ್ದು 1950ರ ದಶಕದಲ್ಲಿ. ಇದರೊಳಗೆ ಒಂದು ಸೊಗಸಾದ ವಿಷಯ ಇದೆ. ಸುಮಾರು 5 ವೋಲ್ಟಿಗಿಂತ ಕೆಳಗಿನ ಝೀನರುಗಳಲ್ಲಿ ಬಿಸಿ ಹೆಚ್ಚಾದರೆ ವೋಲ್ಟೇಜ್ ಇಳಿಯುತ್ತೆ, 6ರ ಮೇಲಿನವುಗಳಲ್ಲಿ ಏರುತ್ತೆ, ಯಾಕಂದ್ರೆ ಒಳಗೆ ನಡೆಯೋ ಭೌತಿಕ ಕ್ರಿಯೆಯೇ ಬೇರೆ. ಏರೋ ಝೀನರ್ ಜೊತೆ ಬಿಸಿಗೆ ಇಳಿಯೋ ಒಂದು ಸಾಮಾನ್ಯ ಡಯೋಡ್ ಸೇರಿಸಿ 6.2 ವೋಲ್ಟಿನ ಜೋಡಿ ಮಾಡಿದರು. ಒಂದು ಏರುತ್ತೆ, ಒಂದು ಇಳಿಯುತ್ತೆ, ಮೊತ್ತ ನಿಂತಲ್ಲೇ ನಿಲ್ಲುತ್ತೆ.

1964ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಹಿಲ್ಬೈಬರ್ ಝೀನರನ್ನೇ ಬಿಟ್ಟು, ಟ್ರಾನ್ಸಿಸ್ಟರುಗಳಿಂದಲೇ ಇದೇ ಉಪಾಯ ಮಾಡಬಹುದು ಅಂತ ತೋರಿಸಿದ. 1971ರಲ್ಲಿ ಬಾಬ್ ವಿಡ್ಲರ್ ಅದನ್ನ ಒಂದು ಚಿಪ್ಪಿನೊಳಗೆ ಇಳಿಸಿದ, ಎಲ್‌ಎಂ113. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಬೇರೆ ಬೇರೆ ಸಾಂದ್ರತೆಯಲ್ಲಿ ಕರೆಂಟ್ ಹರಿಯೋ ಎರಡು ಟ್ರಾನ್ಸಿಸ್ಟರುಗಳ ವ್ಯತ್ಯಾಸ ಬಿಸಿಯ ಜೊತೆ ಏರುತ್ತೆ. ಏರಿದ್ದನ್ನ ಸರಿಯಾಗಿ ಗುಣಿಸಿ ಇಳಿದಿದ್ದಕ್ಕೆ ಕೂಡಿಸಿದರೆ 1.2 ವೋಲ್ಟಿನ ಆಸುಪಾಸು ಬಂದು ನಿಲ್ಲುತ್ತೆ. ಅದಕ್ಕೆ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಅಂತ ಹೆಸರು, ಸಿಲಿಕಾನಿನ ಮೂಲಗುಣದಿಂದಲೇ ಬರೋ ಸಂಖ್ಯೆ ಅದು. ವಿಡ್ಲರ್ ಬಗ್ಗೆ ಬರೆಯೋಕೆ ಹೋದ್ರೆ ಇನ್ನೊಂದು ಪೋಸ್ಟೇ ಆಗುತ್ತೆ, ಅಂಥ ಆಸಾಮಿ ಅವನು!

ನನಗೆ ಈ ಇತಿಹಾಸದಲ್ಲಿ ಹಿಡಿಸೋದು ಇದೇ. ಅಲ್ಲಾಡದ ವಸ್ತು ಯಾರಿಗೂ ಸಿಗಲಿಲ್ಲ. ಎರಡು ಅಲ್ಲಾಡೋ ವಸ್ತುಗಳನ್ನ ಎದುರುಬದುರು ಕಟ್ಟಿ ನಿಲ್ಲಿಸಿದರು.

ಕಟ್ಟೋ ಹಗ್ಗ ಯಾವುದು ಅಂದ್ರೆ ಆಪ್-ಆಂಪ್. ಈ ಹೆಸರು 1947ರಲ್ಲಿ ರಗಾಜಿನಿ ಮತ್ತು ಜೊತೆಗಾರರ ಪ್ರಬಂಧದಿಂದ ಚಾಲ್ತಿಗೆ ಬಂತು, ಆಗ ಅದು ವಾಲ್ವುಗಳ ಡಬ್ಬಿ. 1965ರಲ್ಲಿ ವಿಡ್ಲರನದೇ 709 ಚಿಪ್ ಬಂತು, ಅದಕ್ಕೆ ಹೊರಗಿನಿಂದ ಕೆಪ್ಯಾಸಿಟರು, ರೆಸಿಸ್ಟರು ಹಾಕಿ ಸಮಾಧಾನ ಮಾಡದಿದ್ದರೆ ತಾನಾಗಿ ಕೂಗೋಕೆ ಶುರು ಮಾಡ್ತಿತ್ತು. 1968ರಲ್ಲಿ ಡೇವ್ ಫುಲಗರ್ ಒಳಗೇ 30 ಪಿಕೋಫ್ಯಾರಡ್ ಕೂರಿಸಿ 741 ಮಾಡಿದ. ಇವತ್ತಿಗೂ ಎಲ್ಲ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನ ಡಬ್ಬಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿರೋದು ಅದೇ :-)

ರೆಫರೆನ್ಸಿನ ಕಾಯಿಲೆಯಲ್ಲಿ ಅತ್ಯಂತ ಮೋಸದ್ದು ಇಲ್ಲಿಂದ ಬರುತ್ತೆ. ಕಾಲೇಜಿನಲ್ಲಿ ಒಬ್ಬ ಗೆಳೆಯನ ಪ್ರಾಜೆಕ್ಟು. ಝೀನರ್, ಅದರ ಮುಂದೆ 741 ಬಫರ್, ಔಟ್‌ಪುಟ್ 5 ವೋಲ್ಟ್. ಮಲ್ಟಿಮೀಟರ್ ಇಟ್ಟರೆ 5.00, ಗುಂಡುಕಲ್ಲಿನ ಥರ. ಆದ್ರೆ ಅದನ್ನ ನಂಬಿಕೊಂಡ ಎಡಿಸಿಯ ಕೊನೆಯ ಅಂಕೆಗಳು ಕುಣೀತಾನೇ ಇದ್ದವು. ಎರಡು ಎಡಿಸಿ ಬದಲಾಯಿಸಿದ, ಪ್ರೋಗ್ರಾಂ ಮೂರು ಸಲ ಬರೆದ. ಕೊನೆಗೆ ಲ್ಯಾಬಿನ ಆಸಿಲೋಸ್ಕೋಪ್ ಖಾಲಿ ಸಿಕ್ಕ ದಿನ ನೋಡಿದರೆ ಆ 5 ವೋಲ್ಟಿನ ಮೇಲೆ 150 ಕಿಲೋಹರ್ಟ್ಸಿನ ಹತ್ತಿರದ ಅಲೆ ಕೂತಿತ್ತು. ಮಲ್ಟಿಮೀಟರ್ ತೋರಿಸೋದು ಸರಾಸರಿ, ಸರಾಸರಿ 5.00 ಇದ್ದೇ ಇತ್ತು.

ಕಾರಣ, ಔಟ್‌ಪುಟ್ಟಿಗೆ ನೇರ ಹಾಕಿದ್ದ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. 'ಗದ್ದಲ ಕಮ್ಮಿಯಾಗಲಿ' ಅಂತ ಎಲ್ಲರೂ ಹಾಕೋದು ಅದೇ. 741ರ ಒಳಗಿನ ಔಟ್‌ಪುಟ್ ರೆಸಿಸ್ಟೆನ್ಸ್ ಸುಮಾರು 75 ಓಮ್. ಅದರ ಜೊತೆ ಈ ಕೆಪ್ಯಾಸಿಟರ್ ಸೇರಿ 21 ಕಿಲೋಹರ್ಟ್ಸಿನ ಮೇಲೆ ಫೀಡ್‌ಬ್ಯಾಕನ್ನ ತಡ ಮಾಡುತ್ತೆ. 741 ಮೊದಲೇ ಒಂದು 90 ಡಿಗ್ರಿ ತಡ. ಎರಡೂ ಸೇರಿ 145 ಕಿಲೋಹರ್ಟ್ಸಿನ ಹತ್ತಿರ 180ಕ್ಕೆ ಎಂಟೇ ಡಿಗ್ರಿ ಕಮ್ಮಿ. ಅಷ್ಟು ತಡ ಆದ್ರೆ ತಿದ್ದೋಕೆ ಬಂದ ಫೀಡ್‌ಬ್ಯಾಕ್ ತಳ್ಳೋಕೆ ಶುರು ಮಾಡುತ್ತೆ. ಉಯ್ಯಾಲೆ ಹಿಂದೆ ಹೋಗುವಾಗ ತಡೆಯೋಕೆ ಕೈ ಚಾಚಿ, ಕೈ ತಲುಪೋ ಹೊತ್ತಿಗೆ ಅದು ಮುಂದೆ ಹೊರಟಿದ್ದರೆ ಏನಾಗುತ್ತೋ ಅದು. ಎಡಿಸಿ ಪ್ರತಿ ಸಲ ಚೂರು ಕರೆಂಟ್ ಎಳೆದಾಗಲೂ ಇನ್ನೊಂದು ತಳ್ಳು. ಆಪ್-ಆಂಪಿಗೂ ಕೆಪ್ಯಾಸಿಟರಿಗೂ ಮಧ್ಯೆ 47 ಓಮಿನ ರೆಸಿಸ್ಟರ್ ಹಾಕಿದ ಮೇಲೆ ಎಲ್ಲ ತಣ್ಣಗಾಯ್ತು. ಬೆಲೆ ನಾಲ್ಕಾಣೆ ಅನ್ನೋ ಕಾಲ ಹೋಯ್ತು, ಆದ್ರೂ ರೂಪಾಯಿ ಒಳಗೇ.

ಅಲ್ಲಾಡೋ ರೆಫರೆನ್ಸ್ ಸಿಕ್ಕಿದರೆ ನಾನು ನೋಡೋ ಕ್ರಮ ಇದು: ಮೊದಲು ಸ್ಕೋಪ್, ಮಲ್ಟಿಮೀಟರ್ ಆಮೇಲೆ. ಔಟ್‌ಪುಟ್ಟಿನ ಕೆಪ್ಯಾಸಿಟರ್ ಕಿತ್ತರೆ ಅಲೆ ಹೋಯ್ತಾ? ಹಾಗಾದ್ರೆ ಕಥೆ ಮೇಲಿನದೇ. ಅಲೆ ಇಲ್ಲ, ನಿಧಾನಕ್ಕೆ ಜಾರ್ತಾ ಇದೆ ಅಂದ್ರೆ ಹೇರ್ ಡ್ರೈಯರ್ ತಗೊಂಡು ಒಂದೊಂದು ಭಾಗಕ್ಕೂ ಬಿಸಿಗಾಳಿ ಬಿಡಿ, ಅಪರಾಧಿ ತಾನಾಗೇ ಬಾಯಿಬಿಡುತ್ತೆ. ಎಷ್ಟೋ ಸಲ ಅದು ಝೀನರ್ ಅಲ್ಲ, ಅಗ್ಗದ ಪ್ರಿಸೆಟ್ ರೆಸಿಸ್ಟರ್. ಹತ್ತು ಸಲ ಆನ್ ಮಾಡಿದರೆ ಒಂದು ಸಲ ಏಳೋದೇ ಇಲ್ಲ ಅಂದ್ರೆ ಬ್ಯಾಂಡ್‌ಗ್ಯಾಪಿನ ಹಳೇ ರೋಗ. ಕರೆಂಟೇ ಹರಿಯದ ಸೊನ್ನೆ ಸ್ಥಿತಿಯೂ ಆ ಸರ್ಕ್ಯೂಟಿಗೆ ಒಂದು ನೆಮ್ಮದಿಯ ಜಾಗ, ಅಲ್ಲೇ ಮಲಗಿಬಿಡುತ್ತೆ. ಎಬ್ಬಿಸೋಕೆ ಅಂತಲೇ ಒಂದು ಸ್ಟಾರ್ಟಪ್ ಭಾಗ ಇಡಬೇಕು.

ಈಗ ಆಕಾಶಕ್ಕೆ ಕಿವಿ ಕೊಟ್ಟವರ ಕಡೆ ಬರೋಣ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ. ಇಂಗ್ಲಿಷಿನ 'ಟಿ' ಆಕಾರ, ಪೂರ್ವ-ಪಶ್ಚಿಮಕ್ಕೆ 1.38 ಕಿ.ಮೀ., ದಕ್ಷಿಣಕ್ಕೆ 0.45 ಕಿ.ಮೀ., ಒಟ್ಟು 1000 ಡೈಪೋಲ್ ಆಂಟೆನಾಗಳು, 34.5 ಮೆಗಾಹರ್ಟ್ಸ್. ದ್ವಾರಕಾನಾಥ್ ಮತ್ತು ಉದಯಶಂಕರ್ ಇದರಿಂದ ಮಾಡಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯ್ತು. ಪಕ್ಕದಲ್ಲೇ ಸೂರ್ಯನನ್ನ ನೋಡೋ ರೇಡಿಯೋ ಹೀಲಿಯೋಗ್ರಾಫ್ 1997ರಲ್ಲಿ ಶುರುವಾಯ್ತು.

ರೇಡಿಯೋ ಖಗೋಳದವರು ಈ ಕಲ್ಲಿನ ಸಮಸ್ಯೆಯನ್ನ ಬೇರೆ ಥರ ನೋಡಿದರು. ಕಲ್ಲು ಅಲ್ಲಾಡುತ್ತಾ? ಅಲ್ಲಾಡಲಿ ಬಿಡಿ, ಅದು ಉತ್ತರಕ್ಕೆ ತಾಗದ ಹಾಗೆ ಮಾಡೋಣ! 1946ರಲ್ಲಿ ರಾಬರ್ಟ್ ಡಿಕಿ ರಿಸೀವರನ್ನ ಒಂದು ಕ್ಷಣ ಆಂಟೆನಾಗೆ, ಒಂದು ಕ್ಷಣ ಗೊತ್ತಿರೋ ಶಾಖದ ವಸ್ತುವಿಗೆ ಬದಲಿಸ್ತಾ ಹೋದ. ಎರಡರ ವ್ಯತ್ಯಾಸ ತೆಗೆದರೆ ಆಂಪ್ಲಿಫೈಯರಿನ ಜಾರಾಟ ಬಹುಪಾಲು ಕಳೆದುಹೋಗುತ್ತೆ. 1952ರಲ್ಲಿ ಮಾರ್ಟಿನ್ ರೈಲ್ ಒಂದು ಆಂಟೆನಾದ ಸಂಕೇತವನ್ನ ಮತ್ತೆ ಮತ್ತೆ ತಲೆಕೆಳಗು ಮಾಡೋ ವಿಧಾನ ಪ್ರಕಟಿಸಿದ. 1963ರಲ್ಲಿ ವೈನ್‌ರೆಬ್ ಡಿಜಿಟಲ್ ಕೋರಿಲೇಟರ್ ತೋರಿಸಿದಾಗ ಇನ್ನೂ ಮುಂದೆ ಹೋದರು. ಅಲೆ ಎಷ್ಟು ಎತ್ತರ ಅಂತ ಅಳೆಯೋದೇ ಬೇಡ, ಸೊನ್ನೆಗಿಂತ ಮೇಲಾ ಕೆಳಗಾ ಅಷ್ಟು ಸಾಕು. ಒಂದೇ ಬಿಟ್. ಆಂಪ್ಲಿಫೈಯರ್ ಏರಲಿ ಇಳಿಯಲಿ, ಅಲೆಯ ಚಿಹ್ನೆ ಬದಲಾಗಲ್ಲ. ಉಳಿಯೋ ಒಂದೇ ರೆಫರೆನ್ಸ್ ಅಂದ್ರೆ ಸೊನ್ನೆ, ಅಂದ್ರೆ ಕಂಪ್ಯಾರೇಟರಿನ ಹೊಸ್ತಿಲು. ಅದೂ ಚೂರು ಜಾರಿದ್ದರೆ? ರೈಲ್ ಮಾಡಿದ ಹಾಗೆ ಸಂಕೇತ ತಲೆಕೆಳಗು ಮಾಡಿ ಇನ್ನೊಂದು ಸಲ ನೋಡಿ. ನಿಜವಾದ ಸಂಕೇತ ತಿರುಗುತ್ತೆ, ಜಾರಿದ ಹೊಸ್ತಿಲು ತಿರುಗಲ್ಲ. ಕಳೆದರೆ ಅದು ಮಾಯ. ನಿಜ ಹೇಳಬೇಕಂದ್ರೆ ನನಗೆ ಬ್ಯಾಂಡ್‌ಗ್ಯಾಪಿಗಿಂತ ಇದೇ ಹೆಚ್ಚು ಇಷ್ಟ.

2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಐದೇ ನಿಮಿಷದ ಅಂತರದಲ್ಲಿ ಎರಡು ಸಲ ಭೂಮಿ ನಡುಗಿತು, 2.9 ಮತ್ತು 3.0. ಆ ವರ್ಷದ ವಿಪರೀತ ಮಳೆಯ ನಂತರ ಚಿಂತಾಮಣಿ ಕಡೆಯ ಹಳ್ಳಿಗಳಲ್ಲೂ ನೆಲದೊಳಗಿಂದ ಸದ್ದು ಕೇಳಿ ಜನ ರಾತ್ರಿ ಹೊರಗೆ ಕೂತಿದ್ದರು. ಕ್ವಾರಿ ಸಿಡಿತವಾ, ಭೂಕಂಪವಾ, ಬರೀ ಭಯವಾ? ಹಳ್ಳಿಯವರ ಈ ಪ್ರಶ್ನೆಗೂ ಜಿನೀವಾದವರು 1958ರಲ್ಲಿ ಕೇಳಿದ ಪ್ರಶ್ನೆಗೂ ದೊಡ್ಡ ವ್ಯತ್ಯಾಸ ಇಲ್ಲ. ಮ್ಯಾಗ್ನಿಟ್ಯೂಡ್ 3 ಅಂದ್ರೆ 5ರ ಅಲೆಗಿಂತ ನೂರು ಪಟ್ಟು ಚಿಕ್ಕದು. ಅದಕ್ಕೆ ಖಚಿತ ಉತ್ತರ ಹೇಳಬೇಕಾದ್ರೆ ಮಾಪಕದೊಳಗಿನ ಕಲ್ಲು ಇನ್ನೂ ಗಟ್ಟಿ ನಿಲ್ಲಬೇಕು.

ವೋಲ್ಟಿನ ಪ್ರಪಂಚಮಟ್ಟದ ಕಲ್ಲು ಈಗ ವೆಸ್ಟನ್ ಸೆಲ್ ಅಲ್ಲ. 1990ರಿಂದ ಜೋಸೆಫ್ಸನ್ ಪರಿಣಾಮದ ಮೇಲೆ ನಿಂತಿದೆ, ಅಂದರೆ ಅಲ್ಲಿ ವೋಲ್ಟೇಜನ್ನ ಆವರ್ತನದಿಂದ ಲೆಕ್ಕ ಹಾಕ್ತಾರೆ. 2019ರಲ್ಲಿ ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಚಾರ್ಜನ್ನೇ ನಿಗದಿ ಮಾಡಿಬಿಟ್ಟರು.

ನಮ್ಮ ಕಡೆ ಮಾತ್ರ ಅತಿ ಹೆಚ್ಚು ಜನರ ಹೊಟ್ಟೆಗೆ ತಾಗೋ ರೆಫರೆನ್ಸ್ ಇರೋದು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ, ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ. ಸಾಮಾನ್ಯ ಲೋಡ್‌ಸೆಲ್ ಒಂದು ವೋಲ್ಟಿಗೆ 2 ಮಿಲಿವೋಲ್ಟ್ ಕೊಡುತ್ತೆ. 5 ವೋಲ್ಟ್ ಕೊಟ್ಟರೆ ಪೂರ್ತಿ ತೂಕಕ್ಕೆ 10 ಮಿಲಿವೋಲ್ಟ್. ನೂರು ಕಿಲೋದ ತಕ್ಕಡಿಯಲ್ಲಿ 10 ಗ್ರಾಂ ಅಂದ್ರೆ 1 ಮೈಕ್ರೋವೋಲ್ಟ್. ಆ 5 ವೋಲ್ಟ್ ಶೇಕಡಾ 0.1 ಜಾರಿದರೂ 50 ಕಿಲೋ ಗೂಡಿನಲ್ಲಿ 50 ಗ್ರಾಂ ಹೋಯ್ತು. ಆದ್ರೆ ಹೋಗಲ್ಲ. ಲೋಡ್‌ಸೆಲ್ಲಿಗೆ ಕೊಡೋ ವೋಲ್ಟೇಜನ್ನೇ ಎಡಿಸಿಯ ರೆಫರೆನ್ಸ್ ಆಗಿಯೂ ಬಳಸೋದು ಇದರ ರೂಢಿ. 5 ಇದ್ದಿದ್ದು 4.9 ಆದ್ರೆ ಸಾಮಾನಿನ ಕಡೆಯೂ ಇಳಿಯುತ್ತೆ, ಕಲ್ಲಿನ ಕಡೆಯೂ ಅಷ್ಟೇ ಇಳಿಯುತ್ತೆ, ತೂಕ ಹಾಗೇ ಉಳಿಯುತ್ತೆ. ಇದಾದ ಮೇಲೂ ಲೋಡ್‌ಸೆಲ್ಲೇ ಸವೆದಿದ್ದರೆ ಈ ಉಪಾಯಕ್ಕೆ ಗೊತ್ತಾಗಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಕಬ್ಬಿಣದ ಕಲ್ಲುಗಳನ್ನೇ ಮೇಲಿಟ್ಟು ನೋಡಿ ಸೀಲ್ ಹಾಕ್ತಾರೆ. ಮುಂದಿನ ಸಲ ಮಾರ್ಕೆಟ್ಟಿಗೆ ಹೋದಾಗ ಆ ಸೀಲಿನ ಮೇಲಿನ ವರ್ಷ ಒಂದು ಸಲ ನೋಡಿ.